ಹಳದಿ ಚಡ್ಡಿಯ ದನಿ

ನಾಲ್ಕು ವರ್ಷದ ಮಗಳು ಬೆಳಗಿನಿಂದ ಸಂಜೆಯವರೆಗೆ "ಕಾಪಾಡಿ!" ಎಂದು ಕಿರುಚುತ್ತಿದ್ದರೆ ಯಾವ ತಾಯಿಗೆ ತಾನೇ ಊಟ ಸೇರುತ್ತದೆ? ಹಾಲಿನ ಲೋಟ ಕೈಗೆಟುಕದಿದ್ದರೆ ಕಾಪಾಡಿ, ಅಂಗಿಯ ಗುಂಡಿ ಬಿಚ್ಚಲಾಗದಿದ್ದರೆ ಕಾಪಾಡಿ. ಯಾಕೆಂದರೆ, "ಹುಡುಗೀರು ಕಿರುಚ್ಬೇಕಮ್ಮ, ಆಗ ಹಳದಿ ಚಡ್ಡಿ ಬರ್ತಾನೆ" ಅನ್ನುತ್ತಾಳೆ. ಹಳದಿ ಚಡ್ಡಿ ಎಂದರೆ ಟಿವಿಯ ಕಾರ್ಟೂನಿನ ಹುಡುಗ. ಅದರಲ್ಲಿ ಅವನು ಹತ್ತುತ್ತಾನೆ, ಹಾರುತ್ತಾನೆ. ಜೊತೆಯ ಹುಡುಗಿ ಕಿರುಚುತ್ತಾಳೆ. ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಾಳೆ. ಇವಳೂ ಹೀಗೇ ಬೆಳೆದುಬಿಟ್ಟರೆ ಎಂಬ ಹುಳು ನನ್ನ ತಲೆ ಹೊಕ್ಕಿತು.

ತಮಾಷೆಯೆಂದರೆ, ಆ ಹಳದಿ ಚಡ್ಡಿಯ ದನಿ ನನ್ನ ಅತ್ತೆಯದು.

ಅತ್ತೆಗೆ ಅರವತ್ತು ದಾಟಿದೆ. ಹರೆಯದಲ್ಲಿ ಅವರದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಫೋನ್ ಎತ್ತುವ ಕೆಲಸ. ಇವರು "ಹಲೋ" ಅಂದರೆ ಆ ಕಡೆಯವರು, "ಮರಿ, ದೊಡ್ಡವರು ಯಾರಾದ್ರೂ ಇದ್ರೆ ಕೊಡು" ಅನ್ನುತ್ತಿದ್ದರಂತೆ. ಒಮ್ಮೆ ಡಬ್ಬಿಂಗಿಗೆ ಬರುತ್ತಿದ್ದ ಹುಡುಗನ ದನಿ ಒಡೆದು ಗೊಗ್ಗರಾಯಿತು. ಗತಿಯಿಲ್ಲದೆ ಇವರನ್ನು ಮೈಕಿನ ಮುಂದೆ ನಿಲ್ಲಿಸಿದರು. "ಹುಡುಗರ ಗಂಟಲು ಒಂದೊಂದಾಗಿ ಒಡೀತು, ನಂದು ಗಟ್ಟಿ ನೋಡು" ಎಂದು ಈಗಲೂ ನಗುತ್ತಾರೆ. ಕಾರ್ಟೂನಿನ ಹುಡುಗ ಓಡಿದರೆ ಇವರು ಕಾಲ್ಚೀಲದಲ್ಲಿ ನಿಂತಲ್ಲೇ ಕುಣಿಯುತ್ತಾರೆ, ಏದುಸಿರು ನಿಜವಾಗಿರಬೇಕಲ್ಲ. ಅವನು ಮರದಿಂದ ಬಿದ್ದರೆ ತಮ್ಮ ಹೊಟ್ಟೆಗೆ ತಾವೇ ಗುದ್ದಿಕೊಳ್ಳುತ್ತಾರೆ.

"ಆ ತೂಕಡಿಸೋ ಅಜ್ಜಿ ದನಿ ಯಾರದು ಅತ್ತೆ?" ಎಂದು ಕೇಳಿದ್ದೆ.

"ಅದಾ? ಮೊನ್ನೆ ಕಾಲೇಜು ಮುಗಿಸಿದ ಹುಡುಗಿ. ನನಗಿಂತ ಚೆನ್ನಾಗಿ ಕೆಮ್ತಾಳೆ, ಪಾಪ."

ಈ ಗುಟ್ಟನ್ನು ಮಗಳಿಗೆ ಹೇಳಕೂಡದೆಂದು ಅತ್ತೆಯಿಂದ ಮಾತು ತೆಗೆದುಕೊಂಡವಳು ನಾನೇ. ಮಗುವಿನ ಮನಸ್ಸು ಮುರಿದೀತು, ಜೊತೆಯ ಮಕ್ಕಳು ಗೇಲಿ ಮಾಡಿಯಾರು, ನನ್ನ ಭಯಗಳಿಗೆ ಕೊನೆಯೆಲ್ಲಿ!

"ಬಾಯಿಗೆ ಬೀಗ ಹಾಕ್ಕೊಂಡೆ, ಆಯ್ತಾ?" ಅಂದಿದ್ದರು ಅತ್ತೆ.

"ಅಮ್ಮನ ಸಂಪಾದನೇನೇ ಬಾಯಿಂದ, ಅದಕ್ಕೇ ಬೀಗಾನಾ?" ಎಂದು ನನ್ನವರು ಛೇಡಿಸಿದ್ದರು.

ಕಳೆದ ಭಾನುವಾರ ಅತ್ತೆ, ಮಗಳು, ನಾನು ಮೂವರೂ ಪಾರ್ಕಿಗೆ ಹೋಗಿದ್ದೆವು. ಜಾರುಬಂಡೆಯ ಏಣಿ ಹತ್ತಿದ ಮಗಳು ಮೇಲೆ ಹೆದರಿ ನಿಂತುಬಿಟ್ಟಳು. "ಕಾಪಾಡಿ!" ಅತ್ತೆ ಚಪ್ಪಲಿ ಬಿಟ್ಟು ಏಣಿಗೆ ಕಾಲಿಟ್ಟರು.

"ನೀನು ಬೇಡ! ನೀನು ಅಜ್ಜಿ. ಹೋಗಿ ಕೂತ್ಕೋ!"

"ಯಾಕೇ, ಅಜ್ಜಿ ಹತ್ತಬಾರ್ದಾ?"

"ಅಜ್ಜೀರು ನಿದ್ದೆ ಮಾಡ್ತಾರೆ. ಹಳದಿ ಚಡ್ಡಿ ಬರ್ಲಿ."

ಅತ್ತೆಯ ಬಾಯಿ ತೆರೆಯಿತು. ಆ ದನಿ ನಾಲಿಗೆಯ ತುದಿಗೆ ಬಂದಿದ್ದು ನನಗೆ ಕಂಡಿತು. ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಏಣಿಯಿಂದ ಕಾಲು ತೆಗೆದು, ಚಪ್ಪಲಿ ಮೆಟ್ಟಿಕೊಂಡು, ಬೆಂಚಿನ ಮೇಲೆ ಹೋಗಿ ಕುಳಿತರು. ಮಗಳನ್ನು ನಾನೇ ಇಳಿಸಿದೆ.

ವಾಪಸು ಬರುವಾಗ ಅತ್ತೆ ಎಂದಿನಂತೆ ಬಿರಬಿರನೆ ಹೊರಟರು. ಮೊಮ್ಮಗಳು ಅವರ ಕೈ ಹಿಡಿದು, "ನಿಧಾನ ಅಜ್ಜಿ, ಬಿದ್ದುಬಿಡ್ತೀಯ" ಅಂದಳು. ಅವರು ನಿಜಕ್ಕೂ ನಿಧಾನವಾದರು.

ಆ ನಡಿಗೆ ನನ್ನ ಕಣ್ಣಿಗೆ ಕಟ್ಟಿತು. ಕಾರ್ಟೂನನ್ನು ಬೈದೆ, ಟಿವಿ ಆರಿಸಿದೆ, ಏನು ಮಾಡಿದರೂ ಸಮಾಧಾನವಿಲ್ಲ. ಇವತ್ತು ಪಾತ್ರೆ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು, ಒದ್ದೆ ಕೈಯಲ್ಲೇ ಅತ್ತೆಯ ಮನೆಗೆ ಫೋನ್ ಮಾಡಿದೆ.

"ಅತ್ತೆ, ನಾಳೆ ಸ್ಟುಡಿಯೋ ಇದೆಯಾ?"

"ಇದೆ. ನಾಳೆ ಆ ಹುಡುಗ ಬಾವಿಗೆ ಬೀಳ್ತಾನೆ. ಯಾಕಮ್ಮ, ಮಗು ಹುಷಾರಾಗಿದ್ದಾಳೆ ತಾನೆ?"

"ಅವಳನ್ನ ಕರ್ಕೊಂಡು ಬರ್ಲಾ? ನೀವು ಹೇಗೆ ಬೀಳ್ತೀರಾ ಅಂತ ನೋಡ್ಲಿ."

 

"ಅತ್ತುಗಿತ್ತಾಳು ಕಣಮ್ಮ."

"ಅತ್ರೆ ಅಳ್ಲಿ ಬಿಡಿ. ಎತ್ಕೊಳ್ಳೋಕೆ ನೀವಿರ್ತೀರಲ್ಲ."

ಮೂಗೊರೆಸಿಕೊಂಡ ಸದ್ದು. ಆಮೇಲೆ ಕಸುಬು ಬಲ್ಲವರ ಗತ್ತು: "ಬರೋವಾಗ ಅವಳ ಆ ಪೀಪೀ ಅನ್ನೋ ಬೂಟು ಮಾತ್ರ ಹಾಕ್ಬೇಡ. ಮೈಕಿಗೆ ಎಲ್ಲಾ ಕೇಳುತ್ತೆ."