ಅಪ್ಪ ಟಾರು ಬಳಿದ ಮೂರು ಹಲಗೆ

ಸ್ಕಾರ್‌ವಿಕ್ ಎಂಬ ಕಡಲೂರಿನ ಹಡಗು ಮ್ಯೂಸಿಯಂ ನೋಡಲು ಟಿಕೆಟ್ಟಿಗೆ ನೂರ ನಲವತ್ತು ಕ್ರೋನೆ. ಒಳಗೆ ಕಾಫಿಗೆ ನಲವತ್ತೆರಡು, ಜೊತೆಗೆ ಏಲಕ್ಕಿ ಬನ್ನು ತೆಗೆದುಕೊಂಡರೆ ಮತ್ತೆ ಮೂವತ್ತೆಂಟು. ಹಡಗಿನ ಧೂಳು ತೆಗೆಯುವ ಮೇಕೆಕೂದಲಿನ ಬ್ರಷ್ ಒಂದಕ್ಕೆ ಆರುನೂರು. ಅದು ಐದು ತಿಂಗಳು ಬಾಳುತ್ತದೆ. ಇಷ್ಟನ್ನೂ ಥಟ್ಟನೆ ಹೇಳುವ ಸುನ್ನಿವಾ ಅಸ್ಕೆಲಾಂಡ್, ಹಡಗಿನ ಬೆಲೆ ಎಷ್ಟು ಎಂದು ಕೇಳಿದರೆ ಮಾತ್ರ ನಕ್ಕುಬಿಡುತ್ತಾರೆ. "ಅದನ್ನ ಯಾರೂ ಮಾರಲ್ಲ, ನಂಗೆ ಹೇಗೆ ಗೊತ್ತಾಗ್ಬೇಕು? ಬ್ರಷ್ಷಿಂದು ಗೊತ್ತು. ಬಿಲ್ಲಿಗೆ ಸಹಿ ಹಾಕೋಳು ನಾನೇ."

ಏಪ್ರಿಲ್ ತಿಂಗಳ ಬೆಳಗಿನ ಆರು ಗಂಟೆ. ಬೆಟ್ಟಗಳ ನಡುವೆ ಚಾಚಿದ ಫ್ಯೋರ್ಡ್‌ನ ಕಡಲನೀರಿನ ಮೇಲೆ ಬೂದು ಬೆಳಕು ಆಗಷ್ಟೇ ಹರಡುತ್ತಿದೆ. ಅರವತ್ತೊಂದರ ಸುನ್ನಿವಾ ಬಾಗಿಲ ಬಳಿ ಬೂಟು ಕಳಚಿ, ದಪ್ಪ ಉಣ್ಣೆಯ ಕಾಲುಚೀಲದಲ್ಲೇ ಒಳಗೆ ಬರುತ್ತಾರೆ. ಎದುರಿಗೆ ಇಪ್ಪತ್ತೊಂದು ಮೀಟರ್ ಉದ್ದದ ವೈಕಿಂಗ್ ಹಡಗು. ಸಾವಿರದ ನೂರು ವರ್ಷದ ಓಕ್ ಮರ; ಒಣ ರೊಟ್ಟಿಯ ಹಾಗೆ, ಒತ್ತಿದರೆ ಪುಡಿ. ಸುನ್ನಿವಾ ಪಕ್ಕದ ಅಟ್ಟಣಿಗೆ ಹತ್ತಿ, ಬಲಗೈಯಲ್ಲಿ ಬ್ರಷ್, ಎಡಗೈಯಲ್ಲಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಿಡಿದು ಮೂತಿಯಿಂದ ಶುರು ಮಾಡುತ್ತಾರೆ. ಕೊಳವೆಯ ಬಾಯಿಗೆ ಹಳೆಯ ನೈಲಾನ್ ಕಾಲುಚೀಲ ಬಿಗಿದಿದೆ.

"ಧೂಳು ಒಳಗೆ ಹೋಗ್ಲಿ, ಹಡಗು ಹೋಗ್ಬಾರದು, ಅದಕ್ಕೆ" ಎನ್ನುತ್ತಾರೆ. ಕಾಲುಚೀಲದಲ್ಲಿ ಸಾಸಿವೆ ಗಾತ್ರದ ಮರದ ಚೂರು ಸಿಕ್ಕಿಕೊಂಡರೂ ಚಿಮಟದಿಂದ ಹೆಕ್ಕಿ ಪುಟ್ಟ ಕಾಗದದ ಪೊಟ್ಟಣಕ್ಕೆ ಹಾಕುತ್ತಾರೆ. ಮೇಲೆ ಯಾವ ಹಲಗೆ, ಯಾವ ಕಡೆ, ಯಾವ ದಿನ ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಹೀಗೆ ಮಾಡು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ಗುಡಿಸಿ ಎಸೆಯೋಕೆ ಮನಸ್ಸು ಬರ್ಲಿಲ್ಲ, ಅಷ್ಟೆ." ಮೂವತ್ತು ವರ್ಷದಲ್ಲಿ ಪೊಟ್ಟಣಗಳು ನಾಲ್ಕು ಸಾವಿರ ದಾಟಿವೆ.

ಧೂಳಿನ ಬಗ್ಗೆ ಮಾತು ತೆಗೆದರೆ ಅವರಿಗೆ ಹುರುಪು. "ಧೂಳು ಅಂದ್ರೆ ಮತ್ತೇನಲ್ಲ, ಜನ. ಜುಲೈನಲ್ಲಿ ದಿನಕ್ಕೆ ಆರುನೂರು ಜನ ಬರ್ತಾರೆ. ಹಡಗು ನೋಡಿ ಬಾಯಿ ಬಿಡ್ತಾರೆ, ಸ್ವೆಟರ್ ನೂಲು ಬಿಟ್ಟು ಹೋಗ್ತಾರೆ. ಒಂದು ಬೇಸಿಗೆ ನೂಲಲ್ಲಿ ಒಂದು ಜೊತೆ ಕೈಗವಸು ಹೆಣೀಬಹುದು."

ಎಂಟೂವರೆಗೆ ಕಾಫಿ ಅಂಗಡಿಯ ಒಡ್ವಾರ್ ಬಂದು ಬೆಂಚುಗಳನ್ನು ಇಳಿಸುತ್ತಾನೆ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು.

"ಏನೇ ಸುನ್ನಿವಾ, ಹಡಗಿಗೆ ಸ್ನಾನ ಆಯ್ತಾ?"

"ಅದಕ್ಕೆ ಆಯ್ತು. ನಿಂದೇ ಬಾಕಿ ಇದ್ದ ಹಾಗಿದೆ."

"ಬಾ, ಕಾಫಿ ಕುಡಿ."

"ನಲವತ್ತೆರಡು ಕ್ರೋನೆ ಕೊಟ್ಟು ನಿನ್ನ ಕಾಫಿ ಕುಡಿಯೋಕೆ ನಾನೇನು ಪ್ರವಾಸಿಯಾ?" ಎಂದು ಸುನ್ನಿವಾ ಚೀಲದಿಂದ ಫ್ಲಾಸ್ಕ್ ತೆಗೆಯುತ್ತಾರೆ. ಮೇಣದ ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಅದರ ಮೇಲೆ ಕಂದು ಚೀಸಿನ ತೆಳು ಹೋಳು. ಒಡ್ವಾರ್ ಅದರಲ್ಲೇ ಅರ್ಧ ಮುರಿದುಕೊಂಡು ಹೋಗುತ್ತಾನೆ.

ಹಡಗಿನ ಎಡಮಗ್ಗುಲಲ್ಲಿ ಕೆಳಗಿನಿಂದ ನಾಲ್ಕನೆಯ, ಐದನೆಯ, ಆರನೆಯ ಹಲಗೆಗಳು ಈ ಚಳಿಗಾಲದವರೆಗೆ ಬೇರೆಲ್ಲ ಹಲಗೆಗಳಿಗಿಂತ ಕಪ್ಪಗಿದ್ದವು. ಊರಿನವರಿಗೆಲ್ಲ ಅದರ ಕಾರಣ ಗೊತ್ತು. ಸ್ಕಾರ್‌ವಿಕ್‌ನಲ್ಲಿ ಇವತ್ತಿಗೂ ಯಾರಾದರೂ ಬೇಲಿಗೆ ಬಣ್ಣ ಜಾಸ್ತಿ ಮೆತ್ತಿದರೆ "ಅಸ್ಲಾಕ್ ಆಗ್ಬೇಡ್ವೋ" ಎನ್ನುತ್ತಾರೆ. ಸುನ್ನಿವಾ ಕೆಲಸಕ್ಕೆ ಸೇರಿದ ಮೊದಲ ದಿನ, ಹೊರಗಿನಿಂದ ಬಂದಿದ್ದ ಆಗಿನ ಮೇಲ್ವಿಚಾರಕ ಅವರಿಗೆ ಹಡಗು ತೋರಿಸುತ್ತ, "ಇದು ನೋಡಿ, ಅಸ್ಲಾಕ್ ಅನ್ನೋ ಒಬ್ಬ ಪೆದ್ದನ ಕೆಲಸ" ಎಂದಿದ್ದ. "ಗೊತ್ತು, ನಮ್ಮಪ್ಪ" ಎಂದು ಸುನ್ನಿವಾ ಬ್ರಷ್ ತೆಗೆದುಕೊಂಡಿದ್ದರು.

ಅಸ್ಲಾಕ್ ಅಸ್ಕೆಲಾಂಡ್ ಹನ್ನೆರಡು ವರ್ಷ ಈ ಮ್ಯೂಸಿಯಂನ ಕಾವಲುಗಾರ. ಹಡಗಿಗೂ ಅವನಿಗೂ ನಡುವೆ ಆಗ ಒಂದು ಹಗ್ಗದ ಬೇಲಿ ಮಾತ್ರ. ಆ ಕಾಲದಲ್ಲಿ ಮೇ ಹದಿನೇಳರ ರಾಷ್ಟ್ರೀಯ ಹಬ್ಬಕ್ಕೆ ಮುಂಚೆ ಊರಿನ ಗಂಡಸರೆಲ್ಲ ದೋಣಿಗಳನ್ನು ದಡಕ್ಕೆ ಎಳೆದು ಬೋರಲು ಹಾಕಿ ಟಾರು ಬಳಿಯುತ್ತಿದ್ದರು. ರಸ್ತೆಗೆ ಹಾಕುವ ಟಾರಲ್ಲ. ಪೈನ್ ಮರದ ಬೇರು ಸುಟ್ಟು ಇಳಿಸಿದ್ದು. ಅದಕ್ಕೆ ಅಗಸೆ ಎಣ್ಣೆ ಬೆರೆಸಿ, ಬೆಂಕಿಯ ಮೇಲೆ ಬಿಸಿ ಮಾಡಿ, ಒಬ್ಬರ ದೋಣಿಗೆ ಇನ್ನೊಬ್ಬರು ಕೈಹಾಕುತ್ತಿದ್ದರು. ಟಾರು ಕಾಣದ ದೋಣಿ ಎಂದರೆ ಯಜಮಾನ ಸೋಮಾರಿ ಅಥವಾ ಸತ್ತಿದ್ದಾನೆ ಎಂದು ಅರ್ಥ.

ಸಾವಿರದ ಒಂಬೈನೂರ ಎಪ್ಪತ್ತಮೂರರ ವಸಂತದಲ್ಲಿ ಹಡಗಿನ ಹಲಗೆಗಳು ಬೂದಿಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಬಿರಿಯತೊಡಗಿದ್ದವು. ಅಸ್ಲಾಕ್ ಎರಡು ಸಲ ರಾಜಧಾನಿಗೆ ಕಾಗದ ಬರೆದ. ಉತ್ತರ ಬರಲಿಲ್ಲ. ಒಂದು ಭಾನುವಾರ ತನ್ನ ದೋಣಿಗೆ ಬಳಿದು ಮಿಕ್ಕ ಟಾರನ್ನು ತೆಗೆದುಕೊಂಡು ಬಂದು ಹಡಗಿಗೆ ಬಳಿಯಲು ಕೂತ. ಮೂರು ಹಲಗೆ ಮುಗಿಯುವಷ್ಟರಲ್ಲಿ ಡಬ್ಬಿ ಖಾಲಿ. ಆಗ ಸುನ್ನಿವಾಗೆ ಒಂಬತ್ತು ವರ್ಷ. "ಸಂಜೆ ಕೈ ತೊಳ್ಕೊಳ್ತಾ ಅಮ್ಮನಿಗೆ ಹೇಳ್ದ, 'ಇನ್ನು ಅದಕ್ಕೂ ಈ ವರ್ಷ ನೀರು ನುಗ್ಗಲ್ಲ ಕಣೇ' ಅಂತ. ಅದು ನೀರಿಗೆ ಇಳಿದು ಸಾವಿರ ವರ್ಷ ಆಗಿತ್ತು! ಅಮ್ಮ ಸೌಟು ಕೆಳಗಿಟ್ಟು ಅವನ ಮುಖ ನೋಡಿದ್ಲು. ನಗಲೂ ಇಲ್ಲ, ಬೈಯಲೂ ಇಲ್ಲ."

ಎರಡು ವಾರದಲ್ಲಿ ಅಧಿಕಾರಿಗಳು ಬಂದರು. ಕೆಲಸ ಹೋಯಿತು. ಅಸ್ಲಾಕ್ ಮೀನು ಕಟ್ಟುವ ಕಾರ್ಖಾನೆಗೆ ಸೇರಿದ. ಮುಂದೆ ಶಾಲೆ ಬಿಟ್ಟ ಸುನ್ನಿವಾ ಕೂಡ ಅಲ್ಲೇ ಹನ್ನೆರಡು ವರ್ಷ ಮಂಜುಗಡ್ಡೆಯಲ್ಲಿ ಕೈಯಾಡಿಸಿದರು. ಚಳಿ ಹಿಡಿದ ಆ ಬೆರಳುಗಳು ಈಗಲೂ ಬೆಳಿಗ್ಗೆ ಮಡಚಲು ಒಪ್ಪುವುದಿಲ್ಲ. ಮಗಳು ಮ್ಯೂಸಿಯಂಗೆ ಸೇರಿದಾಗ ಅಸ್ಲಾಕ್ ಇನ್ನೂ ಇದ್ದ. ಒಂದು ದಿನವೂ ನೋಡಲು ಬರಲಿಲ್ಲ. ಊಟಕ್ಕೆ ಕೂತಾಗ ಮಾತ್ರ ದಿನವೂ ಒಂದೇ ಪ್ರಶ್ನೆ: "ಆ ಮೂರು ಹಲಗೆ ಹೇಗಿದೆ?"

"ಚೆನ್ನಾಗಿದೆ ಅಪ್ಪಾ" ಎನ್ನುತ್ತಿದ್ದರು ಸುನ್ನಿವಾ. ಚೆನ್ನಾಗಿರಲಿಲ್ಲ. ಟಾರು ಒಣಗಿ ಚಿಪ್ಪಿನಂತೆ ಗಟ್ಟಿಯಾಗಿತ್ತು. ಬೇಸಿಗೆಯಲ್ಲಿ ಹಿಗ್ಗಿ ಚಳಿಗಾಲದಲ್ಲಿ ಕುಗ್ಗುವ ಓಕ್ ಮರವನ್ನು ಆ ಚಿಪ್ಪು ಕಿತ್ತು ಕಿತ್ತು ತೆಗೆಯುತ್ತಿತ್ತು. ಚೂರು ಹೆಕ್ಕುವ ಕೈಗೆ ಇದು ಎರಡನೆಯ ವರ್ಷಕ್ಕೇ ತಿಳಿದಿತ್ತು. ಅಸ್ಲಾಕ್ ತೀರಿಕೊಂಡು ಹದಿನಾರು ವರ್ಷವಾಯಿತು. ಅವನಿಗೆ ಅದು ತಿಳಿಯಲೇ ಇಲ್ಲ.

ಬರುವ ಶರತ್ಕಾಲದಲ್ಲಿ ಹಡಗು ಹೊಸ ಕಟ್ಟಡಕ್ಕೆ ಹೋಗಲಿದೆ. ಅದಕ್ಕೆ ಮುಂಚೆ ಮೂರು ಹಲಗೆಗಳ ವಿಷಯ ತೀರ್ಮಾನವಾಗಬೇಕಿತ್ತು. ಟಾರೂ ಈಗ ಹಡಗಿನ ಇತಿಹಾಸವೇ, ಇರಲಿ ಬಿಡಿ ಎಂದು ಸಮಿತಿಯಲ್ಲಿ ಕೆಲವರು. ತೆಗೆಯಬೇಕು ಎಂದು ಕೆಲವರು. ಕಳೆದ ಜನವರಿಯಲ್ಲಿ, ಹಳೆಯ ಮರದ ಆರೈಕೆ ಕಲಿತು ಬಂದಿರುವ ಮೂವತ್ತರ ತಿರಿಲ್, ಸುನ್ನಿವಾರನ್ನು ಪಕ್ಕಕ್ಕೆ ಕರೆದಳು.

"ಬೇಜಾರು ಮಾಡ್ಕೋಬೇಡ. ಟಾರಿಂದ ಮರಕ್ಕೆ ತೊಂದ್ರೆ ಆಗ್ತಿದ್ಯಾ ಇಲ್ವಾ ಅಂತ ನನ್ನ ಕೇಳ್ತಿದಾರೆ. ಮರದ ಹಿಗ್ಗು ಕುಗ್ಗು ಅಳೆಯೋ ನನ್ನ ಯಂತ್ರದಲ್ಲಿ ಇರೋದು ಎರಡು ವರ್ಷದ ಲೆಕ್ಕ, ಅದು ಸಾಲಲ್ಲ. ಪುರಾವೆ ಇಲ್ಲ ಅಂದ್ರೆ ಹಾಗೇ ಬಿಟ್ಬಿಡ್ತಾರೆ. ನಿನ್ನ ಪೊಟ್ಟಣ ಕೊಡ್ತೀಯಾ?"

ಸುನ್ನಿವಾ ಎರಡು ದಿನ ಎಂದಿನಂತೆ ಧೂಳು ತೆಗೆದರು. ಪೊಟ್ಟಣ ಕೊಡದಿದ್ದರೆ ಅಪ್ಪನ ಟಾರು ಉಳಿಯುತ್ತದೆ. ಕೊಟ್ಟರೆ, ಊರು ಐವತ್ತು ವರ್ಷ ಆಡಿಕೊಂಡದ್ದು ನಿಜ ಎಂದು ಮಗಳೇ ಬರೆದುಕೊಟ್ಟ ಹಾಗೆ. ಮೂರನೆಯ ದಿನ ಮೆಟ್ಟಿಲ ಕೆಳಗಿದ್ದ ಒಂಬತ್ತು ಡಬ್ಬಿಗಳನ್ನೂ ತಂದು ಮೇಜಿನ ಮೇಲಿಟ್ಟರು. ಎಣಿಸಲು ವಾರ ಹಿಡಿಯಿತು. ಹಡಗಿನಲ್ಲಿ ಒಟ್ಟು ಇಪ್ಪತ್ತನಾಲ್ಕು ಹಲಗೆ. ಬಿದ್ದ ಚೂರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಆ ಮೂರರದ್ದು.

"ನಿಂಗೆ ಮೊದ್ಲೇ ಗೊತ್ತಿತ್ತಾ?" ತಿರಿಲ್ ಕೇಳಿದಳು.

"ಹೆಕ್ಕಿದೋಳು ನಾನೇ ಅಲ್ವೇನೇ."

ಈಗ ಅದನ್ನು ನೆನೆದು ಸುನ್ನಿವಾ ಹೇಳುತ್ತಾರೆ: "ನಾಲ್ಕನೇ ಹಲಗೆ ಅನ್ನೋ ಬದಲು ಒಂಬತ್ತನೇದು ಅಂತ ಬರೆದಿದ್ರೆ ಯಾರು ಕೇಳ್ತಿದ್ರು? ಅಪ್ಪ ಸತ್ತ ವಾರ ಒಂದ್ಸಲ ಬರೆದೂ ಬಿಟ್ಟೆ. ಆಮೇಲೆ ಅಳಿಸಿ ಸರಿ ಮಾಡ್ದೆ."

ಟಾರು ತೆಗೆಯುವುದೆಂದು ಗೊತ್ತಾದಾಗ ಅವರದ್ದು ಒಂದೇ ಷರತ್ತು: "ನಾನೇ ತೆಗೀತೀನಿ. ನಿಮ್ಮದು ಅವಸರದ ಕೈ." ತಿರಿಲ್ ಒಂದು ತಿಂಗಳು ಪಕ್ಕದಲ್ಲಿ ಕೂತು ಕಲಿಸಿದಳು. ಕಡ್ಡಿಗೆ ಹತ್ತಿ ಸುತ್ತಿ, ದ್ರಾವಣದಲ್ಲಿ ಅದ್ದಿ, ಟಾರು ಮೆತ್ತಗಾಗುವ ತನಕ ಉರುಳಿಸಬೇಕು. ದಿನವಿಡೀ ಉರುಳಿಸಿದರೆ ಒಂದು ಮಾರು ಉದ್ದ. ಅದಕ್ಕೆ ಇನ್ನೂರು ಕಡ್ಡಿ.

ಮೊದಲ ಕಡ್ಡಿ ಉರುಳಿಸಿದಾಗಲೇ ಆ ವಾಸನೆ ಎದ್ದಿತು. ಅರ್ಧ ಶತಮಾನ ಚಿಪ್ಪಿನೊಳಗೆ ಮುಚ್ಚಿಕೊಂಡಿದ್ದ ಹೊಗೆ, ರಾಳ, ಅಗಸೆ ಎಣ್ಣೆ. ಸುನ್ನಿವಾ ಕೈ ನಿಲ್ಲಿಸಿ ಕೂತುಬಿಟ್ಟರು. ದಡದಲ್ಲಿ ಸಾಲಾಗಿ ಬೋರಲು ಬಿದ್ದ ದೋಣಿಗಳು, ಕಲ್ಲುಗಳ ನಡುವೆ ಬೆಂಕಿ, ಹೆಂಗಸರು ತಟ್ಟೆಯಲ್ಲಿ ತಂದ ದೋಸೆಯಂಥ ಬಿಸಿ ವಾಫೆಲ್‌ಗಳನ್ನು ಟಾರು ಮೆತ್ತಿದ ಕೈಯಲ್ಲೇ ಮಡಚಿ ತಿನ್ನುವ ಗಂಡಸರು, ಮರುದಿನ ಚರ್ಚಿನಲ್ಲೂ ಹೋಗದ ಆ ಘಮ. ಈಗ ದಡದಲ್ಲಿರುವುದೆಲ್ಲ ಪ್ಲಾಸ್ಟಿಕ್ ದೋಣಿಗಳು. ಅವಕ್ಕೆ ಏನೂ ಬಳಿಯಬೇಕಿಲ್ಲ. ಕಾಫಿ ಅಂಗಡಿಯಿಂದ ಒಡ್ವಾರ್ ಮೂಗರಳಿಸಿ ಬಂದ. ಸುನ್ನಿವಾರ ಪಕ್ಕ ನಿಂತು ಎರಡು ಸಲ ದೀರ್ಘವಾಗಿ ಉಸಿರೆಳೆದುಕೊಂಡ.

"ನಮ್ಮಪ್ಪ ಬಂದ ಹಾಗಾಯ್ತು" ಎಂದ.

"ನಮ್ಮಪ್ಪ ಕಣೋ ಬಂದಿರೋದು."

ಅವತ್ತು ಒಡ್ವಾರ್ ತಮಾಷೆ ಮಾಡಲಿಲ್ಲ. ಅಂದಿನಿಂದ ಅವನ ಬಾಯಲ್ಲಿ "ಅಸ್ಲಾಕ್ ಆಗ್ಬೇಡ" ಎಂಬ ಮಾತು ಕೇಳಿಲ್ಲ ಎನ್ನುತ್ತಾರೆ ಸುನ್ನಿವಾ.

ಹೋದ ಗುರುವಾರ ಆರನೆಯ ಹಲಗೆಯ ಕೊನೆಯ ತುಂಡು ಮುಗಿಯಿತು. ಟಾರಿನ ಕೆಳಗೆ, ಅಂದು ಹಡಗು ಕಟ್ಟಿದವರಲ್ಲಿ ಯಾರದೋ ಕೊಡಲಿಯ ಏಟುಗಳು ಒಂದರ ಪಕ್ಕ ಒಂದು, ನಿನ್ನೆ ಹೊಡೆದಂತೆ ಕಾಣುತ್ತಿವೆ. ತಿರಿಲ್ ಓಡಿಹೋಗಿ ಕ್ಯಾಮೆರಾ ತಂದಳು. ಸುನ್ನಿವಾ ಕೈಗವಸು ಕಳಚಿ, ಬಳಸಿದ ಕಡ್ಡಿಗಳ ಕೊನೆಯ ಚೀಲವನ್ನು ಕಟ್ಟಿದರು. ದ್ರಾವಣ ತಾಗಿದ ಕಡ್ಡಿಗಳನ್ನು ಇಟ್ಟುಕೊಳ್ಳುವಂತಿಲ್ಲ, ಸುಡಲು ಕಳಿಸಬೇಕು. ಒಟ್ಟು ಹನ್ನೊಂದು ಚೀಲ.

"ಬೇಜಾರಾಯ್ತಾ?" ಎಂದರೆ ಬ್ರಷ್ ಕೆಳಗಿಟ್ಟು ಹೇಳುತ್ತಾರೆ: "ಆಯ್ತು. ಆದ್ರೆ ಅಪ್ಪ ಡಬ್ಬಿ ಹಿಡ್ಕೊಂಡು ಬಂದಿದ್ದು ಹೆಸರು ಉಳೀಲಿ ಅಂತ ಅಲ್ಲ. ಮರ ಉಳೀಲಿ ಅಂತ. ಅವನು ಬಳಿದು ಉಳಿಸೋಕೆ ನೋಡ್ದ, ನಾನು ಒರೆಸಿ ಉಳಿಸ್ದೆ."

ಈಗ ಎಡಮಗ್ಗುಲಿನ ಹನ್ನೆರಡು ಹಲಗೆಗಳೂ ಒಂದೇ ಬಣ್ಣ. ಈ ಬೇಸಿಗೆ ಬರುವವರು ಯಾವ ಮೂರು ಎಂದು ಹುಡುಕಿದರೂ ಗುರುತಿಸಲಾರರು. ಹಲಗೆಗಳು ಉಳಿದವು. ಅಸ್ಲಾಕ್ ಅಸ್ಕೆಲಾಂಡ್ ಈ ಹಡಗನ್ನು ಮುಟ್ಟಿದ್ದ ಎಂಬುದಕ್ಕೆ ಇನ್ನು ಯಾವ ಗುರುತೂ ಉಳಿದಿಲ್ಲ.