ಪಂಚಾಂಗದಲ್ಲಿಲ್ಲದ ಏಳು ಹಬ್ಬಗಳು

ಆಪಾ, ಎಪ್ಪತ್ತೆಂಟನೇ ಇಸವಿಯಲ್ಲಿ ಹಬ್ಬವೆಂದು ಹೇಳಿ ನಾನು ನಿಮ್ಮ ತಲೆಗೆ ಕಟ್ಟಿದ ಡ್ಯೂಟಿಗಳು ಹದಿನಾರು. ಅವುಗಳಲ್ಲಿ ಏಳು ಹಬ್ಬಗಳು ಯಾವ ಪಂಚಾಂಗದಲ್ಲೂ ಇಲ್ಲ. ಅವನ್ನು ನಾನೇ ಹುಟ್ಟಿಸಿದೆ — ಹೆಸರು, ಆಚಾರ, ನೈವೇದ್ಯ ಸಮೇತ.

ಇಷ್ಟು ಹೇಳಲು ಆರು ವರ್ಷ ಬೇಕಾಯಿತು. ಎಲ್ಲವನ್ನೂ ಎಣಿಸಿ ದಿನಚರಿಯಲ್ಲಿ ಬರೆದಿಡುವವಳು ನಾನು. ಇದನ್ನೂ ಅಂದಂದೇ ಬರೆದಿದ್ದೆ. ಬಾಯಿಬಿಟ್ಟು ಹೇಳಲು ಮಾತ್ರ — ಇರಲಿ. ನಿಮಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ, ಯಾಕೆಂದರೆ ನೀವು ಓದಿದ ಮೇಲೆ ಈ ಕಾಗದವನ್ನು ಬೇರೆಯವರೂ ಓದಬೇಕಾಗಿದೆ.

ದಾವಣಗೆರೆಯ ಆ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹಗಲು ನಾವಿಬ್ಬರೇ ನರ್ಸುಗಳು. ಬೆಳಿಗ್ಗೆಯ ಪಾಳಿ ನನ್ನದು, ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗಿನದು ನಿಮ್ಮದು. ಮಂಚಗಳೆಲ್ಲ ತುಂಬಿ, ನಡುವಿನ ದಾರಿಯಲ್ಲೂ ಚಾಪೆ ಹಾಸಿರುತ್ತಿದ್ದರು. ಸಿರಿಂಜು ಕುದಿಸುವವರೂ ನಾವೇ, ರೋಗಿಯ ಅತ್ತೆ-ಸೊಸೆ ಜಗಳ ಬಿಡಿಸುವವರೂ ನಾವೇ. ನೀವು ಹದಿನೈದು ವರ್ಷಗಳ ಅನುಭವದ ನೂರ್‌ಜಹಾನ್ ಸಿಸ್ಟರ್, ದಿನವೂ ಹರಿಹರದಿಂದ ಬಸ್ಸಿನಲ್ಲಿ ಬರುವವರು. ನಾನು ನಂದಿಗುಡಿಯಿಂದ ಬಂದು ಕೆ.ಬಿ. ಬಡಾವಣೆಯಲ್ಲಿ ಕೋಣೆ ಹಿಡಿದಿದ್ದ, ಇಪ್ಪತ್ಮೂರು ವರ್ಷದ ಗಿರಿಜಾ.

ಒಪ್ಪಂದ ಮಾಡಿದವರು ನೀವು. "ನಿಮ್ಮ ಹಬ್ಬಕ್ಕ ನಾನು ಎರಡೂ ಪಾಳಿ ಮಾಡ್ತೀನಿ, ನಮ್ಮ ಹಬ್ಬಕ್ಕ ನೀನು ಮಾಡು. ದೇವರ ಕೆಲಸ ಕೆಡಬಾರದು ನೋಡವ್ವಾ." ಇಂಥ ಬದಲಿಗೆ ಮೇಟ್ರನ್ ಅಮ್ಮ ಒಪ್ಪುತ್ತಿರಲಿಲ್ಲ. ಹಾಗಾಗಿ ಮರುದಿನ ಬಂದು ಹಿಂದಿನ ದಿನದ ಹಾಜರಿಗೂ ನಾನೇ ಸಹಿ ಹಾಕುತ್ತಿದ್ದೆ. ಹಾಜರಿ ಪುಸ್ತಕದ ಪ್ರಕಾರ ನಾನು ಇಡೀ ವರ್ಷ ಒಂದೂ ಹಬ್ಬದ ಊಟ ಉಂಡವಳಲ್ಲ.

ನಿಮ್ಮ ಹಬ್ಬಗಳು ಎರಡು. ನನ್ನ ನಿಜವಾದ ಹಬ್ಬಗಳು ಒಂಬತ್ತು. ಅಷ್ಟರಲ್ಲೇ ನಾನು ಗೆದ್ದಿದ್ದೆ. ಆದರೆ ಒಂದು ಶನಿವಾರ ಕಾಲು ಊದಿ, ತಲೆ ಸಿಡಿದು, ಮರುದಿನ ಏಳಲಾರೆ ಅನ್ನಿಸಿದಾಗ ನನ್ನ ಬಾಯಿಂದ ಬಂದದ್ದು, "ಆಪಾ, ನಾಳೆ ನಮ್ಮಲ್ಲಿ ಒರಳುಕಲ್ಲಿನ ಹಬ್ಬ."

"ಒರಳಿಗೂ ಹಬ್ಬ ಐತೇನೇ?"

"ಐತೆ ಆಪಾ. ನಮ್ ಕಡೆ ಭಾಳ ಜೋರು."

ಒರಳಾದ ಮೇಲೆ ಮೊರ ಬಂತು, ಆಮೇಲೆ ನೊಗ, ಆಮೇಲೆ ಗೌರಿಯ ಅತ್ತಿಗೆ. ಎಲ್ಲವೂ ಭಾನುವಾರವೇ ಬಂದವು, ಯಾಕೆಂದರೆ ಹಬ್ಬದ ರಜೆಯಂತೆ ಅಂದೂ ಮೇಟ್ರನ್ ಅಮ್ಮ ರೌಂಡ್ಸಿಗೆ ಬರುತ್ತಿರಲಿಲ್ಲ. ನೀವು ಒಮ್ಮೆ ಕೇಳಿದಿರಿ: "ಅಲ್ಲೇ ಗಿರಿಜಾ, ನಿಮ್ಮೂರ ದೇವರಿಗೆ ಭಾನುವಾರ ಸೂಟಿ ಇರಂಗಿಲ್ಲೇನು? ನಮ್ಮ ಮೇಟ್ರನ್‌ಗಿಂತ ಜಾಸ್ತಿ ಡ್ಯೂಟಿ ಹಾಕ್ತಾನಲ್ಲ!" ನಾನು ನಕ್ಕೆ. ಸೋಮವಾರ ನಿಮಗೆ ಹೋಳಿಗೆ ತರಬೇಕಲ್ಲ — ಖಾನಾವಳಿಯವರಿಗೆ ಹೇಳಿ ಮಾಡಿಸಿ, ನನ್ನ ಡಬ್ಬಿಗೆ ತುಂಬಿ ತರುತ್ತಿದ್ದೆ. "ನಿಮ್ಮ ತಾಯಿ ಕೈಗುಣ ಭಾಳ ಚಲೋ ಐತೆ" ಎಂದು ನೀವು ನಾಲ್ಕು ಸಲ ಹೇಳಿದ್ದೀರಿ. ನಾಲ್ಕೂ ಸಲ ನಾನು "ಹೇಳ್ತೀನಿ ಬಿಡ್ರಿ" ಎಂದಿದ್ದೇನೆ.

ಆ ಏಳು ದಿನಗಳ ಲೆಕ್ಕ: ಐದು ದಿನ ಮಲಗಿದ್ದೆ. ಒಂದು ದಿನ ಸಿನಿಮಾ. ಒಂದು ದಿನ ಕೊಂಡಜ್ಜಿ ಕೆರೆಯ ಏರಿಯ ಮೇಲೆ ಕೂತು ಮಂಡಕ್ಕಿ ತಿಂದೆ.

ಇನ್ನೊಂದು ಲೆಕ್ಕವೂ ಇದೆ. ನೀವು ರೋಗಿಗಳನ್ನು ನಗಿಸಲು ಹೇಳುತ್ತಿದ್ದ ಒಂದೊಂದು ಮಾತಿಗೂ ನಾನು ದಿನಚರಿಯಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದೆ, ಬರೀ ಖುಷಿಗೆ. ಪಾಳಿ ಬದಲಾಗುವ ಆ ಅರ್ಧ ಗಂಟೆಯಲ್ಲೇ ಮೊದಮೊದಲು ಎಂಟು-ಹತ್ತು ಗೀಟು ಬೀಳುತ್ತಿದ್ದವು. ಮಳೆಗಾಲಕ್ಕೆ ನಾಲ್ಕಾದವು. ನನ್ನ ಕೊನೆಯ ನಾಲ್ಕು ಹಬ್ಬಗಳು ಒಂದೇ ತಿಂಗಳಲ್ಲಿ ಬಂದವು. ಆ ತಿಂಗಳ ಪುಟಗಳಲ್ಲಿ ಗೀಟೇ ಇಲ್ಲ. ಊಟದ ಡಬ್ಬಿ ತೆರೆಯದೆ ಪಕ್ಕಕ್ಕಿಟ್ಟಿರಿ, ಕೂಸನ್ನು ಕಳೆದುಕೊಂಡ ತಾಯಿಗೂ ಬರೀ ಮಾತ್ರೆ ಕೊಟ್ಟು ಮುಂದೆ ಹೋದಿರಿ. ನಾನು ಅದನ್ನೂ ಬರೆದೆ. ಬರೆದೆ — ಅಷ್ಟೇ.

ಏಳನೇ ಹಬ್ಬದ ಮರುದಿನ ಮಧ್ಯಾಹ್ನ ತಪಾಸಣೆಗೆ ದೊಡ್ಡ ಡಾಕ್ಟರು ಬಂದರು. ಬೂಟಿನ ಲೇಸು ಕಟ್ಟಲೆಂದು ಖಾಲಿ ಮಂಚದ ಮೇಲೆ ಕೂತರು. ಆಗ ನೀವು ಥರ್ಮಾಮೀಟರು ಜಾಡಿಸುತ್ತಾ ಮಂಚದಿಂದ ಮಂಚಕ್ಕೆ ಬರುತ್ತಿದ್ದಿರಿ. ಅವರ ಮುಂದೆ ನಿಂತಿರಿ. ಅವರು ಏನೋ ಕೇಳಲು ಬಾಯಿ ತೆರೆದರು. ನೀವು ಥರ್ಮಾಮೀಟರು ಇಟ್ಟುಬಿಟ್ಟಿರಿ. ಹೆಂಗಸರ ವಾರ್ಡಿನಲ್ಲಿ, ಅಷ್ಟು ದಪ್ಪ ಮೀಸೆಯ ಕೆಳಗೆ!

"ಅಲುಗಾಡಬ್ಯಾಡವ್ವಾ" ಎಂದು ನಾಡಿ ಹಿಡಿದಿರಿ. ಆ ಮನುಷ್ಯ ನಿಜವಾಗಿಯೂ ಅಲುಗಾಡಲಿಲ್ಲ. ನೀವು ತೆಗೆದು, ಬೆಳಕಿಗೆ ಹಿಡಿದು ನೋಡಿ, "ಜ್ವರ ಇಳಿದೈತೆ. ನಾಳೆ ಮನಿಗೆ ಹೋಗಬಹುದು" ಎಂದಿರಿ.

ಇಡೀ ವಾರ್ಡು ನಕ್ಕಿತು. ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನೀವು ಗೋಡೆ ಹಿಡಿದು ನೆಲಕ್ಕೆ ಕುಸಿದು ನನ್ನನ್ನು ಕೇಳಿದಿರಿ, "ಇವತ್ತು ಯಾವ ವಾರನೇ?"

ಮೇಟ್ರನ್ ಅಮ್ಮ ಹಾಜರಿ ಪುಸ್ತಕ ತರಿಸಿದರು. ಅವರು ಕೆಟ್ಟವರಲ್ಲ, ನಿಮ್ಮನ್ನು ಉಳಿಸಲು ಕಾರಣ ಹುಡುಕುತ್ತಿದ್ದರು. "ಗಿರಿಜಾ, ಈಕಿಗೆ ಎರಡು ಪಾಳಿ ಏನಾರ ಬಿದ್ದಿತ್ತೇನು? ಖರೇ ಹೇಳು."

ಪುಸ್ತಕದಲ್ಲಿ ನನ್ನ ಸುಳ್ಳು ಸಹಿಗಳು ಹದಿನಾರು. ಹೌದೆಂದರೆ ನನ್ನ ಕೆಲಸ ಹೋಗುತ್ತಿತ್ತು.

"ಇಲ್ರೀ" ಎಂದೆ.

ನೀವು ನನ್ನ ಕಡೆ ನೋಡಿದಿರಿ. ಆಮೇಲೆ ಅವರಿಗೆ ಹೇಳಿದಿರಿ, "ಖರೇರೀ ಅಮ್ಮಾ, ಎರಡು ಪಾಳಿ ಏನೂ ಇಲ್ಲ. ಮನ್ಯಾಗ ಸ್ವಲ್ಪ ತ್ರಾಸಿತ್ತು."

'ಕರ್ತವ್ಯದಲ್ಲಿ ಅಜಾಗರೂಕತೆ' ಎಂದು ನಿಮ್ಮ ಸೇವಾ ಪುಸ್ತಕಕ್ಕೆ ಏರಿತು. ನಿಮಗೆ ಸಿಗಬೇಕಾಗಿದ್ದ ವಾರ್ಡ್ ಇನ್‌ಚಾರ್ಜ್ ಜಾಗ ತಪ್ಪಿತು. ನಿಮ್ಮನ್ನು ಹರಿಹರದ ಕಡೆಯ ಚಿಕ್ಕ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಮೂರು ವರ್ಷದ ಮೇಲೆ ಆ ಜಾಗ ಬಂದದ್ದು — ನನಗೆ.

ಕಳೆದ ವಾರ ಬಡ್ತಿಯ ಪಟ್ಟಿ ನೋಡಿದೆ. ನಿಮ್ಮ ಹೆಸರಿದೆ, ಪಕ್ಕದಲ್ಲಿ ಆ ಹಳೆಯ ಮಾತನ್ನು ಕೆಂಪು ಶಾಯಿಯಲ್ಲಿ ಎತ್ತಿ ಬರೆದಿದ್ದಾರೆ. ಅದಕ್ಕೇ ಈ ಕಾಗದ. ಹದಿನಾರು ದಿನಗಳನ್ನೂ ಪಟ್ಟಿ ಮಾಡಿ, ದಿನಚರಿಯನ್ನೂ ಸೇರಿಸಿ ಸೋಮವಾರ ಆಫೀಸಿಗೆ ಕೊಡುತ್ತಿದ್ದೇನೆ. ಕೊನೆಯಲ್ಲಿ 'ನನಗೂ ದಣಿವಾಗಿತ್ತು' ಎಂದು ಒಂದು ಸಾಲು ಬರೆದಿದ್ದೆ. ಓದಿ ನೋಡಿದೆ. ಹೊಡೆದುಹಾಕಿದೆ.

ಮೊದಲ ಪ್ರತಿ ನಿಮಗೆ ಕಳಿಸುತ್ತಿರುವುದಕ್ಕೆ ಕಾರಣ ಒಂದೇ. ಸೋಮವಾರದ ನಂತರ ಅವರು ನಿಮ್ಮನ್ನು ಕರೆದು ವಿಚಾರಿಸುತ್ತಾರೆ. ನೀವು ಹೇಗೆಂದು ನನಗೆ ಗೊತ್ತು. ದಯವಿಟ್ಟು ಆಪಾ, ಈ ಸಲ ನನ್ನನ್ನು ಉಳಿಸಬೇಡಿ.