ತಡವಾದ ದಿನಗಳ ಗೋಡೆ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಮೋಟಾರಿನ ಎಣ್ಣೆಯಿರಬೇಕೆಂದು ಶಿರಸಿ ಪೇಟೆಯವರೆಲ್ಲ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಎಣ್ಣೆಯನ್ನು ಅವರು ಸಂಜೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದುಬಿಡುತ್ತಿದ್ದರು. ಈ ಕಪ್ಪು ಮಾತ್ರ ತೊಳೆದ ಮೇಲೆ ಮತ್ತೆ ಅದೇ ಎರಡು ಬೆರಳಿಗೆ ಬಂದು ಕೂರುತ್ತಿತ್ತು. ಬಿಳಿ ಅಂಗಿಯ ಎದೆಗಿಸೆಯ ತಳವೂ ಕಪ್ಪು. ಅದರ ಕಾರಣ ನನಗೆ ತಿಳಿದದ್ದು, ತಿಳಿಯಬಾರದ ರೀತಿಯಲ್ಲಿ.

ಅವರು ಶಿರಸಿ–ಯಲ್ಲಾಪುರ ನಡುವೆ ಟಪಾಲು ಒಯ್ಯುವ ಮೋಟಾರಿನ ಮಾಲೀಕರು. ಊರಿಗೆಲ್ಲ ‘ಮೋಟಾರು ಸಾಹೇಬರು’. ನಾನು ಅವರ ಗುಮಾಸ್ತ. ಹೇರೂರಿನಿಂದ ಬಂದ ಇಪ್ಪತ್ತೆರಡರ ಹುಡುಗ, ಇಂಗ್ಲಿಷು ನಾಲ್ಕಕ್ಷರ ಬಲ್ಲವ, ಹೆದರಿಕೆಯಲ್ಲಿ ಮಾತ್ರ ಪೂರ್ಣ ವಿದ್ವಾಂಸ. ಮಳೆ ಬಂದರೆ ಸೇತುವೆ ಹೋದೀತೆಂದು, ಬಾರದಿದ್ದರೆ ಧೂಳಿಗೆ ಯಂತ್ರ ಕೆಟ್ಟೀತೆಂದು ಚಿಂತೆ. ತಂದೆ ಪಂಚಾಂಗ ನೋಡಿ, ಒಳ್ಳೆಯ ತಿಥಿ ಹುಡುಕಿ ನನ್ನನ್ನು ಕೆಲಸಕ್ಕೆ ಕಳಿಸಿದ್ದರು. ಕಳಿಸುವಾಗ ಹೇಳಿದ ಮಾತು ಒಂದೇ: “ಇದು ಮೂರನೇ ನೌಕರಿ. ಇಲ್ಲಿಂದಲೂ ತಿರುಗಿ ಬಂದ್ರೆ ಆನು ಮಾತಾಡ್ತಿಲ್ಲೆ.”

ಟಪಾಲು ಗುತ್ತಿಗೆಗೆ ಒಂದು ಕರಾರು ಇತ್ತು. ವರ್ಷದ ಕೊನೆಗೆ ಗುತ್ತಿಗೆದಾರ ಅಂಚೆ ಇಲಾಖೆಗೆ ವರದಿ ಕೊಡಬೇಕು, ಅದರಲ್ಲಿ ಏಳು ಕಲಮು ಇರಲೇಬೇಕು ಎಂದು ಅದರ ಷರತ್ತು. ಗಾಡಿ ಓಡಿದ ದಿನಗಳು, ಕಾಲು ಗಂಟೆಗಿಂತ ಹೆಚ್ಚು ತಡವಾದ ದಿನಗಳು, ಪ್ರತಿ ತಡಕ್ಕೂ ಕಾರಣ. ಆಮೇಲೆ ನೆನೆದ ಚೀಲ, ಗಾಡಿಯ ಸ್ಥಿತಿ, ದೂರು ಬಂದಿದ್ದರೆ ದೂರಿದವರ ಮಾತಿನಲ್ಲೇ ಆ ದೂರು. ಕಡೆಯದಾಗಿ, ಗುತ್ತಿಗೆದಾರನ ಕಡೆಯಿಂದಾದ ತಪ್ಪು. ಏಳರಲ್ಲಿ ಒಂದು ಬಿಟ್ಟುಹೋದರೂ ವರದಿ ಕೊಟ್ಟಂತಲ್ಲ. ವರದಿ ಇಲ್ಲದಿದ್ದರೆ ಮುಂದಿನ ವರ್ಷ ಗುತ್ತಿಗೆ ಇಲ್ಲ. ಗುತ್ತಿಗೆ ಹೋದರೆ ಗಾಡಿ ನಿಂತಿತು, ಗಾಡಿ ನಿಂತರೆ ಗುಮಾಸ್ತ ಹೇರೂರಿಗೆ. ಈ ಸರಪಳಿಯನ್ನು ನಾನು ದಿನಕ್ಕೆರಡು ಬಾರಿ, ಸಂಧ್ಯಾವಂದನೆಯ ಹಾಗೆ, ಮನಸ್ಸಿನಲ್ಲಿ ಎಣಿಸುತ್ತಿದ್ದೆ.

ಸಾಹೇಬರಿಗೆ ಓದು ಬಾರದು. ಆದರೆ ತಿಂಗಳಿಗೊಮ್ಮೆ, ಶುಕ್ರವಾರದ ನಮಾಜು ಮುಗಿಸಿ ಬಂದು, ಹಿಂದಿನ ಗುಮಾಸ್ತರು ಕನ್ನಡಕ್ಕಿಳಿಸಿದ್ದ ಆ ಕರಾರನ್ನು ನನ್ನಿಂದ ಪೂರ್ತಿ ಓದಿಸುತ್ತಿದ್ದರು. ಕಣ್ಣು ಮುಚ್ಚಿ ಕೇಳುವರು. ನಾನೊಂದು ಸಾಲು ಹಾರಿಸಿದರೆ ಕಣ್ಣು ತೆರೆಯುವರು. “ಭಟ್ರೇ, ಮಧ್ಯ ಒಂದು ಸೇತುವೆ ದಾಟ್ಲಿಲ್ಲ ನೀವು.”

ಬೆಳಿಗ್ಗೆ ಏಳಕ್ಕೆ ಗಾಡಿ ಹೊರಡುವಾಗ ಅವರು ಅದರ ಮೂತಿಗೆ ಅಂಗೈಯಿಂದ ಎರಡು ಸಲ ತಟ್ಟಿ, ‘ಬಿಸ್ಮಿಲ್ಲಾ’ ಎಂದು ಹತ್ತಿ ಡ್ರೈವರನ ಪಕ್ಕ ಕೂರುತ್ತಿದ್ದರು. ತಟ್ಟದೆ ಡ್ರೈವರ್ ಗಾಡಿ ಬಿಡುತ್ತಿರಲಿಲ್ಲ. ಪರಊರಿಗೆ ಹೋಗುವುದಿದ್ದರೆ ಹಿಂದಿನ ಸಂಜೆಯೇ ಮುಂಗಡ ತಟ್ಟಿ ಹೋಗುವರು. “ಇದು ನಾಳೇದು,” ಎಂದು ಎರಡು; “ಇದು ನಾಡಿದ್ದಿಂದು,” ಎಂದು ಮತ್ತೆರಡು. ಡ್ರೈವರ್ ದಾಸನಕೊಪ್ಪದ ಕಡೆಯವನು. ಪಕ್ಕದಲ್ಲಿ ನಿಂತು ಗಂಭೀರವಾಗಿ ಎಣಿಸಿಕೊಂಡು, “ಮುಟ್ತರೀ ಸಾಹೇಬ್ರ,” ಎನ್ನುವನು.

ನಾನು ಸೇರಿದ ಮೇಲಿನ ಮೊದಲ ಬೇಸಿಗೆಯಲ್ಲಿ ಅವರು ಹೀಗೆ ಮೂರು ದಿನಕ್ಕೆ ಮುಂಗಡ ತಟ್ಟಿ, ಬಿಡಿಭಾಗ ತರಲು ಹುಬ್ಬಳ್ಳಿಗೆ ಹೋದರು. ಅವರು ಹೋದ ದಿನವೇ ಪತ್ರ ಬಂತು: ಅಂಚೆಯ ದೊಡ್ಡ ಸಾಹೇಬರು ವಾರದೊಳಗೆ ಶಿರಸಿಗೆ ಬರುತ್ತಾರೆ, ವರದಿ ತೆಗೆದುಕೊಳ್ಳುತ್ತಾರೆ, ಗಾಡಿಯನ್ನೂ ಅದನ್ನಿಡುವ ಕೊಟ್ಟಿಗೆಯನ್ನೂ ನೋಡುತ್ತಾರೆ.

ನಾನು ಮೊದಲ ಸಲ ಕೊಟ್ಟಿಗೆಯ ಒಳಗೆ ಹೋಗಿ ನೋಡಿದೆ. ಒಳಗೋಡೆಯ ತುಂಬ ಇದ್ದಿಲಿನ ಗೀಚು. ಬಿದ್ದ ಮರ, ಕೋಡಿನ ಪ್ರಾಣಿ, ಒಡೆದ ಚಕ್ರ, ಕೊಡೆ, ಹೊಟ್ಟೆ ಮುಂದಾದ ಒಬ್ಬ ಹೆಂಗಸು. ಕೇರಿಯ ಮಕ್ಕಳ ಕೆಲಸವಿರಬೇಕು ಎಂದುಕೊಂಡೆ. ಅದರಲ್ಲೊಂದು ಚಿತ್ರ ನನ್ನ ಕಣ್ಣು ಕುಕ್ಕಿತು. ಉದ್ದ ಜುಟ್ಟಿನ ಬಡಕಲು ಮನುಷ್ಯ, ಎದುರಿಗೆ ಮೂರು ಚೀಲ, ಒಂದೊಂದಕ್ಕೂ ಬೆರಳು ತೋರಿಸುತ್ತಾನೆ. ಬ್ರಾಹ್ಮಣರನ್ನು ಆಡಿಕೊಳ್ಳಲು ಬರೆದದ್ದು ಎಂದು ಸಿಟ್ಟೇ ಬಂತು. ಆಳು ಕರೆಸಿ ಸುಣ್ಣ ಬಳಿಸಿದೆ. ಉಳಿದದ್ದೆಲ್ಲ ಒಂದು ಸಲಕ್ಕೆ ಮುಚ್ಚಿತು. ಆ ಜುಟ್ಟು ಮಾತ್ರ ಮತ್ತೆ ಮತ್ತೆ ಎದ್ದು ಕಂಡಿತು. ಮೂರನೆಯ ಸಲ ಕುಂಚ ನಾನೇ ಹಿಡಿದೆ.

ಹುಬ್ಬಳ್ಳಿಯಿಂದ ಮರಳಿದ ಸಾಹೇಬರು, ಅಂದು ತಡವಾಗಿ ಬಂದ ಗಾಡಿಯಿಂದ ಇಳಿದು, ಸೀದಾ ಕೊಟ್ಟಿಗೆಗೆ ನಡೆದರು. ಕೈ ಕಿಸೆಗೆ ಹೋಯಿತು, ಇದ್ದಿಲಿನ ತುಂಡೊಂದು ಹೊರಗೆ ಬಂತು, ಗೋಡೆಯ ತನಕ ಹೋಗಿ ಅಲ್ಲೇ ನಿಂತಿತು.

“ಯಾರು ಮಾಡಿದ್ದು?”

“ನಾನೇ,” ಎಂದೆ. ಹೊಗಳಿಕೆಗಾಗಿ ಕಾದೆ.

“ಚಂದ ಆಗಿದೆ,” ಎಂದರು. ಇದ್ದಿಲನ್ನು ಮತ್ತೆ ಕಿಸೆಗೆ ಹಾಕಿ, “ವರ್ಷವೇ ಹೋಯ್ತಲ್ಲ ಭಟ್ರೇ.”

ಆಗ ತಿಳಿಯಿತು. ಯಾವ ದಿನ ಎಷ್ಟು ತಡವೆಂದು ಅಂಚೆಯವರ ಪುಸ್ತಕದಲ್ಲಿರುತ್ತದೆ. ಏಕೆ ತಡವೆಂದು ಇದ್ದದ್ದು ಈ ಗೋಡೆಯ ಮೇಲೆ ಮಾತ್ರ. ಗಾಡಿ ತಡವಾದ ದಿನವೆಲ್ಲ, ಸಂಜೆ ಬಂದೊಡನೆ, ಅವರು ಕಾರಣವನ್ನು ಬರೆದಿಡುತ್ತಿದ್ದರು, ತಮಗೆ ಬರುವ ಲಿಪಿಯಲ್ಲಿ. ಹಿಂದಿನ ಗುಮಾಸ್ತರು ವರ್ಷದ ಕೊನೆಗೆ ಅದನ್ನು ಓದಿಸಿಕೊಂಡು ಮೂರನೆಯ ಕಲಮು ತುಂಬಿಸುತ್ತಿದ್ದರು. ಕಾರಣಗಳೆಲ್ಲ ಯಾವುದೋ ಪೆಟ್ಟಿಗೆಯಲ್ಲಿ ಭದ್ರವಾಗಿವೆ ಎಂದು ನಾನು ನಂಬಿದ್ದೆ. ಜಗತ್ತಿನ ಎಲ್ಲದರ ಬಗ್ಗೆ ಚಿಂತಿಸಿದವನು, ಚಿಂತಿಸಬೇಕಾದ ಒಂದನ್ನೇ ಬಿಟ್ಟಿದ್ದೆ.

ನಾನು ಆ ಸುಣ್ಣದ ಗೋಡೆಗೇ ಒರಗಿಬಿಟ್ಟೆ. ಅವರು ಒಂದು ಡಬ್ಬಿ ಮಗುಚಿ ಹಾಕಿದರು. “ಕೂತ್ಕೊಳ್ಳಿ. ಬಿದ್ರೆ ಅದನ್ನೂ ವರದಿಲಿ ಬರೀಬೇಕಾಗ್ತದೆ.”

ಅಂಚೆ ಕಚೇರಿಯಿಂದ ತಾರೀಖುಗಳ ಪಟ್ಟಿ ತಂದೆ. ಮೂವತ್ತನಾಲ್ಕು ದಿನ. ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಕಂಡುಕೊಂಡಿದ್ದೆ. “ಎಲ್ಲಕ್ಕೂ ‘ಅನಿವಾರ್ಯ ಕಾರಣ’ ಅಂತ ಬರೆದುಬಿಡೋಣ. ಸರ್ಕಾರದವರೇ ಹಾಗೆ ಬರೀತಾರೆ.”

“ಅನಿವಾರ್ಯ ಅಂದ್ರೆ ರಸ್ತೆ ಮೇಲೆ ಹೇಗಿರ್ತದೆ ಭಟ್ರೇ? ಕೋಡು ಉಂಟೋ, ಬೇರು ಉಂಟೋ? ಇಷ್ಟು ವರ್ಷ ಓಡಾಡಿದೆ, ನಾ ನೋಡೇ ಇಲ್ಲ,” ಎಂದರು. “ನಾಳೆ ಗಾಡಿ ಹತ್ತಿ. ಗೋಡೆ ಹೋದ್ರೆ ಏನಾಯ್ತು, ರಸ್ತೆಗೆ ಯಾರೂ ಸುಣ್ಣ ಬಳ್ದಿಲ್ಲ.”

ಮರುದಿನ ಡ್ರೈವರನಿಗೂ ಅವರಿಗೂ ನಡುವೆ, ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು ಕೂತೆ. ಡ್ರೈವರ್ ನನ್ನನ್ನು ಓರೆಗಣ್ಣಿನಿಂದ ನೋಡಿ, “ಭಟ್ರ, ಇವತ್ತು ಸುಣ್ಣದ ಡಬ್ಬಿ ತಂದಿಲ್ಲ ಹೌದಲ್ಲರೀ?” ಎಂದ. ಊರು ದಾಟಿದ್ದೇ ತಡ, ಸಾಹೇಬರು ಮಾತು ಸುರು ಮಾಡಿದರು. ಈ ತಿರುವಿನಲ್ಲಿ ಮತ್ತಿಮರ ಬಿತ್ತು, ಎರಡು ದಿನದ ತಡ, ದೊಡ್ಡ ಮಳೆಯ ವಾರ. ಈ ಇಳಿಜಾರಿನಲ್ಲಿ ಚಕ್ರ ಒಡೆಯಿತು, ಚೌತಿಯ ಮುನ್ನಾದಿನ. ಸೀಟಿನಲ್ಲಿ ಒಬ್ಬರು ಮಣ್ಣಿನ ಗಣಪತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಇಳಿಯಲು ಒಪ್ಪಲಿಲ್ಲ. ಸ್ಥಳ ಬಂದೊಡನೆ ಸಂಗತಿ, ಸಂಗತಿಯ ಜೊತೆ ಹಬ್ಬವೋ ಮಳೆಯೋ, ಅದರಿಂದ ತಾರೀಖು. ಮಂಚಿಕೇರಿಯ ಚಹಾದಂಗಡಿಯವನು ಬಂದು ಕಿಟಕಿಗೆ ಆತುಕೊಂಡ. “ಎಮ್ಮೆ ಅಡ್ಡ ಮಲಗಿದ್ದು ಅಂತ ಬರೀತ್ರಾ? ಅದು ಎಮ್ಮೆ ಅಲ್ಲ ಮಾರಾಯ್ರೆ, ಕೋಣ. ನಮ್ಮದೇ.” ಕೋಣ ಎಂದು ತಿದ್ದಿದೆ.

ಮುಂದೆ ರಸ್ತೆಬದಿಯಲ್ಲಿ ಒಬ್ಬ ಅಮ್ಮಮ್ಮ ಗಾಡಿಗೆ ಕಾಯುತ್ತಿದ್ದರು. ಹತ್ತಿ ಕೂತು, ವಿಷಯ ಕೇಳಿ, ನನ್ನ ಹೆಗಲು ತಟ್ಟಿ ತಮ್ಮ ಎದೆಗೆ ಬೆರಳು ತೋರಿಸಿಕೊಂಡರು.

“ಒಂದು ದಿನ ಗಾಡಿ ನಿಲ್ಸಿದ್ದು ಆನೇಯ ತಮಾ. ಮಗಳ ಮನೆಗೆ ಹೊಂಟಿದ್ದಿ, ಉಪ್ಪಿನಕಾಯಿ ಭರಣಿ ಮನೆಲೇ ಮರ್ತೋತು. ತಗಂಡು ಬತ್ತಿ ಹೇಳ್ದಿ. ಸಾಬ್ರು ನಿಲ್ಸಿದ್ರು ಪಾಪ.”

ಇಪ್ಪತ್ತು ನಿಮಿಷ, ದಸರೆಯ ನಂತರದ ಸೋಮವಾರ. ನಾನು ‘ರಸ್ತೆಯ ಮೇಲೆ ಅಡ್ಡಿ’ ಎಂದು ಬರೆಯಹೊರಟೆ. ಸಾಹೇಬರು ಗಂಟಲು ಸರಿಮಾಡಿಕೊಂಡರು. “ಭರಣಿ ರಸ್ತೆ ಮೇಲೆ ಇರ್ಲಿಲ್ಲ. ಉಪ್ಪಿನಕಾಯಿ ಅಂತ್ಲೇ ಬರೀರಿ.”

“ಬರೀ ಉಪ್ಪಿನಕಾಯಿ ಹೇಳಿ ಬರೀಡ,” ಎಂದರು ಅಮ್ಮಮ್ಮ. “ಅಪ್ಪೆಮಿಡಿ ಹೇಳಿ ಬರಿ. ಸರ್ಕಾರಕ್ಕೂ ಗೊತ್ತಾಗ್ಲಿ.”

ಯಲ್ಲಾಪುರ ಮುಟ್ಟುವಾಗ ಮೂವತ್ತಮೂರು ತುಂಬಿದ್ದವು. ಒಂದು ಉಳಿಯಿತು. ಮಳೆಗಾಲ ಹಿಡಿದ ಹೊಸದರ ಒಂದು ತಾರೀಖು, ಇಪ್ಪತ್ತೈದು ನಿಮಿಷ. ಡ್ರೈವರನಿಗೆ ನೆನಪಿಲ್ಲ. ಸಾಹೇಬರನ್ನು ಕೇಳಿದರೆ ಕಿಟಕಿಯ ಹೊರಗೆ ನೋಡಿದರು. ಮರಳಿ ಬರುವಾಗ ಮತ್ತೆ ಕೇಳಿದೆ. “ಹುಡುಕಿ, ಸಿಗ್ತದೆ,” ಎಂದರು.

ಮನೆಗೆ ಬಂದು ಪಂಚಾಂಗ ತೆಗೆದೆ. ಆ ತಾರೀಖಿನಂದು ಅಮಾವಾಸ್ಯೆಯೋ ಹಬ್ಬವೋ ಇದ್ದರೆ ಯಾರಿಗಾದರೂ ನೆನಪು ಬಂದೀತೆಂದು. ಇಂಗ್ಲಿಷ್ ತಾರೀಖಿನ ಎದುರು ಬೆರಳಿಟ್ಟು ಓದಿದೆ: ಜ್ಯೇಷ್ಠ ಬಹುಳ ತದಿಗೆ. ಬೆರಳು ಅಲ್ಲೇ ಉಳಿಯಿತು. ತಂದೆ ಹುಡುಕಿ ಕೊಟ್ಟ ಶುಭತಿಥಿ ಅದು. ನಾನು ಕೆಲಸಕ್ಕೆ ಸೇರಿದ ದಿನ. ಟಪಾಲು ಚೀಲಗಳನ್ನು ಗಾಡಿಗೆ ಏರಿಸುವಾಗ ಒಂದು ಕಡಿಮೆಯಿದೆ ಎನ್ನಿಸಿ ಇಳಿಸಿದ್ದೆ. ಎಣಿಸಿ ಏರಿಸಿ, ಮತ್ತೆ ಸಂಶಯ ಬಂದು ಇಳಿಸಿದ್ದೆ. ಮೂರು ಸಲ. ಹಿಂದೆ ಗಾಡಿ ತುಂಬ ಜನ ಗೊಣಗುತ್ತಿದ್ದರು. ಚೀಲ ಸರಿಯಾಗಿಯೇ ಇದ್ದವು.

ಕೈ ತಾನಾಗಿ ನನ್ನ ಜುಟ್ಟಿಗೆ ಹೋಯಿತು. ಮೂರು ಬಳಿತದ ಅಡಿಯಲ್ಲಿ ಮುಚ್ಚಿಟ್ಟದ್ದು ಯಾರನ್ನು ಎಂದು ಆಗ ಅರ್ಥವಾಯಿತು.

ಬೆಳಿಗ್ಗೆ ಹೋಗಿ ಅವರೆದುರು ನಿಂತೆ. “ಆ ದಿನದ ತಡ ನನ್ನಿಂದ.”

“ಗೊತ್ತುಂಟು. ನೀವೇ ಹೇಳ್ಲಿ ಅಂತ ಬಿಟ್ಟಿದ್ದೆ.”

“ಗೋಡೆ ಹಾಳಾದದ್ದೂ ನನ್ನಿಂದ. ಏಳನೆಯ ಕಲಮಿನಲ್ಲಿ ನನ್ನ ಹೆಸರು ಬಂದರೆ ಅಂಚೆಯವರು ನನ್ನನ್ನು ತೆಗೆಯಿರಿ ಅನ್ನುತ್ತಾರೆ.” ಮೂರನೆಯ ನೌಕರಿಯ ಮಾತನ್ನೂ, ತಂದೆಯ ಮಾತನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ನಗಲಿಲ್ಲ. “ಕರಾರು ಓದಿ. ಏಳನೇದು ಮಾತ್ರ.”

ಓದಿದೆ. ಗುತ್ತಿಗೆದಾರನ ಕಡೆಯಿಂದಾದ ತಪ್ಪು.

“ಗುಮಾಸ್ತ ಅಂತ ಉಂಟಾ?”

“ಇಲ್ಲ.”

“ಮೂರನೇ ಕಲಮಿನಲ್ಲಿ ಕಾರಣ ಕೇಳ್ತಾರೆ. ಹೆಸರು ಕೇಳ್ತಾರಾ?”

“ಇಲ್ಲ.”

“ಹಾಗಾದ್ರೆ ಬರೀರಿ. ಚೀಲ ಮೂರು ಸಲ ಎಣಿಸಿದ್ದು, ಇಪ್ಪತ್ತೈದು ನಿಮಿಷ. ಏಳನೇದಕ್ಕೆ: ಗುತ್ತಿಗೆದಾರನ ಗೋಡೆಗೆ ಗುತ್ತಿಗೆದಾರನ ಸುಣ್ಣ ಬಳಿದು, ಗುತ್ತಿಗೆದಾರನ ದಾಖಲೆ ಹಾಳಾಯ್ತು. ಗೋಡೆ ನನ್ದು, ಸುಣ್ಣ ನನ್ದು, ಗುಮಾಸ್ತನೂ ನನ್ನವನು. ಒಂದಕ್ಷರ ಸುಳ್ಳಿದ್ರೆ ಹೇಳಿ.”

ಇರಲಿಲ್ಲ. ಹೇಳಿದಂತೆಯೇ ಬರೆದು ಮೂರು ಸಲ ಓದಿ ನೋಡಿದೆ.

ದೊಡ್ಡ ಸಾಹೇಬರು ಬಂದರು. ವರದಿಯ ಹಾಳೆಗಳನ್ನು ಮಗುಚುತ್ತ, ಎಡಬದಿಯ ಅಂಕಿಗಳ ಮೇಲೆ ಪೆನ್ಸಿಲು ಓಡಿಸಿದರು. ಒಂದು, ಎರಡು, ಮೂರು, ಏಳರ ತನಕ. “ಏಳೂ ಇವೆ,” ಎಂದು ಶಿಕ್ಕಾ ಒತ್ತಿ ಕಟ್ಟಿನೊಳಗೆ ತೂರಿಸಿದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಗೋಡೆ ಬಹಳ ಸ್ವಚ್ಛವಾಗಿದೆ ಎಂದು ಮೆಚ್ಚಿದರು. ಡ್ರೈವರ್ ತಲೆಯ ಮೇಲಿನ ಬಟ್ಟೆ ತೆಗೆದು ಬಾಯಿಗೆ ಒತ್ತಿಕೊಂಡು ಹೊರಗೆ ಹೋದ.

ಎದೆಯ ಮೇಲಿಂದ ಅಕ್ಕಿಮೂಟೆ ಇಳಿದಷ್ಟು ಹಗುರವಾಯಿತು. ಮರುಗಳಿಗೆಯೇ ಸಿಟ್ಟೂ ಬಂತು. “ಒಂದು ಸಾಲೂ ಓದಲಿಲ್ಲವಲ್ಲ ಅವರು. ಅನಿವಾರ್ಯ ಅಂತಲೇ ಬರೆಯಬಹುದಿತ್ತು.”

“ಓದೋದು ಅವರ ಕೆಲಸ, ಭಟ್ರೇ. ಅದು ಅವರ ವರದಿಲಿ ಬರ್ಲಿ,” ಎಂದರು ಸಾಹೇಬರು. ಕಿಸೆಯಿಂದ ಇದ್ದಿಲು ತೆಗೆದು ಹೊಸ ಗೋಡೆಯ ಎಡಮೂಲೆಗೆ ಹೋದರು. ಹುಬ್ಬಳ್ಳಿಯಿಂದ ಬಂದ ಸಂಜೆ ಬರೆಯಲಾಗದೆ ಉಳಿದಿದ್ದ ಆ ದಿನದ ತಡವನ್ನು ಬರೆದರು.

ಆಮೇಲೆ ನಾನು ಒಂದು ಪುಸ್ತಕವನ್ನೂ ಇಟ್ಟೆ. ಅವರು ಗೋಡೆಯನ್ನು ಬಿಡಲಿಲ್ಲ. ಪುಸ್ತಕಕ್ಕೂ ಗೋಡೆಗೂ ತಾಳೆ ಬಾರದ ದಿನ ಗೋಡೆಯೇ ಗೆಲ್ಲುತ್ತಿತ್ತು. ಆರು ವರ್ಷ ಅವರ ಹತ್ತಿರ ದುಡಿದೆ. ತಂದೆ ಮಾತು ಬಿಡುವ ಸಂದರ್ಭ ಬರಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ. ನಮಾಜು ಮುಗಿಸಿ ಚಹಾದ ಬಟ್ಟಲು ಕೈಗೆತ್ತಿಕೊಂಡವರು ಹಾಗೆಯೇ ಒರಗಿದರು. ಸುದ್ದಿ ಕೇಳಿ ನಾನು ಅವರ ಮನೆಗೆ ಓಡಿದಾಗ ಅವರ ಮಗ ಬಾಗಿಲಲ್ಲೇ ಹೇಳಿದ, “ಗಾಡಿ ನಿಲ್ಲಿಸ್ಬೇಡಿ. ಟಪಾಲು ಉಂಟು. ಅಬ್ಬಾಜಾನ್ ಒಪ್ಪೋದಿಲ್ಲ.” ಅಂಚೆ ಕಚೇರಿಯ ಎದುರಿಗೆ ಬಂದೆ. ಚೀಲ ಏರಿಸಿಯಾಗಿತ್ತು, ಜನ ಕೂತಿದ್ದರು, ಯಂತ್ರ ಚಾಲೂ ಇತ್ತು. ಏಳು ಹೊಡೆದು ಹೋಗಿತ್ತು. ಡ್ರೈವರ್ ಎರಡೂ ಕೈಯಲ್ಲಿ ಚಕ್ರ ಹಿಡಿದು ಮುಂದೆ ನೋಡುತ್ತ ಕೂತಿದ್ದ.

“ಯಾಕೆ ಹೊರಟಿಲ್ಲ?”

“ಈ ಸಲ ಮುಂಗಡ ತಟ್ಟಿ ಹೋಗಿಲ್ಲರೀ ಅವ್ರು,” ಎಂದ.

ನಾನು ಗಾಡಿಯ ಎದುರಿಗೆ ಹೋಗಿ ನಿಂತೆ. ಅಷ್ಟು ವರ್ಷದಲ್ಲಿ ಅದರ ಮೂತಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ, ಬಿಸಿಯಾಗಿತ್ತು. ಎರಡು ಸಲ ತಟ್ಟಿದೆ. ಅವರ ಮಾತನ್ನೂ ನಾನೇ ಹೇಳಿದೆ. ಗಾಡಿ ಹೊರಟಿತು.

ಎಂಟು ನಿಮಿಷ ತಡ. ಕಾಲು ಗಂಟೆಗಿಂತ ಕಡಿಮೆಯಾದ್ದರಿಂದ ಕರಾರಿನ ಪ್ರಕಾರ ಅದನ್ನು ವರದಿಯಲ್ಲಿ ತೋರಿಸಬೇಕಾಗಿರಲಿಲ್ಲ. ನಾನು ತೋರಿಸಿದೆ. ವರ್ಷದ ಕೊನೆಗೆ, ಮೂರನೆಯ ಕಲಮಿನಲ್ಲಿ, ಮರ ಬಿದ್ದದ್ದರ ಕೆಳಗೆ, ಚಕ್ರ ಒಡೆದದ್ದರ ಮೇಲೆ ಬರೆದೆ: ‘ಎಂಟು ನಿಮಿಷ. ಕಾರಣ: ಗಾಡಿಗೆ ತಟ್ಟುವವರು ಇರಲಿಲ್ಲ.’ ಬರೆದ ಮೇಲೆ ಅಭ್ಯಾಸದಂತೆ ಚಿಂತೆ ಹತ್ತಿತು. ಇದೇನು ಎಂದು ಕೇಳಿದರೆ? ಕೇಳದ್ದನ್ನು ಬರೆದದ್ದೇ ತಪ್ಪಾದರೆ? ನಾಲ್ಕು ದಿನ ಊಟ ಸೇರಲಿಲ್ಲ.

ಬಂದವರು ಹೊಸ ಅಧಿಕಾರಿ. ಹಾಳೆ ಮಗುಚಿದರು, ಪೆನ್ಸಿಲು ಅಂಕಿಯಿಂದ ಅಂಕಿಗೆ ಇಳಿಯಿತು. “ಏಳೂ ಇವೆ,” ಎಂದು ಶಿಕ್ಕಾ ಒತ್ತಿದರು. ಆ ಸಾಲನ್ನು ಅವರು ಓದಲಿಲ್ಲ. ನಾನು ಬರೆದದ್ದನ್ನು ಓದದೆ ಬಿಟ್ಟರಲ್ಲ ಎಂದು ಅಷ್ಟು ಸಮಾಧಾನವಾದದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಾಲಿಗೆ.